ಕೌದಿಗೆ ಬಟ್ಟೆ ಬೇಡಲು ಹೊರಟ ಕಂಡಕ್ಟರು

ಮೂವತ್ತೆರಡು ವರ್ಷ ನಾನು ಬಸ್ ಕಂಡಕ್ಟರಾಗಿದ್ದೆ. ಅಷ್ಟೂ ವರ್ಷ ನಗುವಂಥದ್ದೆಲ್ಲ ಪ್ಯಾಸೆಂಜರುಗಳಿಗೆ ಆಗುತ್ತಿತ್ತು, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಈಗ ಆಗುವುದೆಲ್ಲ ನನಗೇ ಆಗುತ್ತದೆ, ನೋಡುವ ಕೆಲಸ ಊರಿನವರದ್ದು. ಅದರಲ್ಲೂ ಚಳಿ ಬಿತ್ತೆಂದರೆ ಒಂದರ ಬೆನ್ನಿಗೆ ಒಂದು. ಮೈ ಬೆಚ್ಚಗಾದರೆ ಸಾಕು ಎಂದು ಮನುಷ್ಯ ಏನು ಸಿಕ್ಕಿದರೂ ಹೊದೆಯುತ್ತಾನೆ, ಎಲ್ಲಿ ಸಿಕ್ಕಿದರೂ ಕೂರುತ್ತಾನೆ, ಆಮೇಲೆ ಸಿಕ್ಕಿಹಾಕಿಕೊಳ್ಳುತ್ತಾನೆ. ಹೋದ ಚಳಿಗಾಲದ ಒಂದೇ ಒಂದು ತಿಂಗಳಲ್ಲಿ ನಾನು ಸಿಕ್ಕಿಹಾಕಿಕೊಂಡದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

1. ಬೆಚ್ಚನೆಯ ಕೋಣೆ

ನಮ್ಮದು ಚನ್ನಗಿರಿ. ಆ ತಿಂಗಳು ಮಗಳು ಹೆರಿಗೆಗೆ ಬಂದಿದ್ದಳು, ಗಂಡುಮಗುವಾಗಿತ್ತು. ಬಾಣಂತಿ ಕೋಣೆ ಎಂದರೆ ನಿಮಗೆ ಗೊತ್ತು: ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ನಡುವೆ ಕೆಂಡದ ಬಾಂಡ್ಲಿ ಇಟ್ಟು, ಅದಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಎಬ್ಬಿಸಿರುತ್ತಾರೆ. ಇಡೀ ಚನ್ನಗಿರಿ ಗಡಗಡ ನಡುಗುತ್ತಿದ್ದಾಗ ಊರಿನಲ್ಲಿ ಬೆಚ್ಚಗಿದ್ದದ್ದು ಅದೊಂದೇ ಜಾಗ. ಹೀಗಾಗಿ ನನಗೆ ಮೊಮ್ಮಗನ ಮೇಲೆ ಮಮತೆ ಉಕ್ಕತೊಡಗಿತು. ಹತ್ತು ನಿಮಿಷಕ್ಕೊಮ್ಮೆ, "ಮಗು ಅತ್ತಂಗಾತು" ಎಂದು ಒಳಗೆ ಹೋಗುತ್ತಿದ್ದೆ.

"ಮಗು ನಿದ್ದೆ ಮಾಡ್ತೈತೆ," ಎನ್ನುತ್ತಿದ್ದಳು ಹೆಂಡತಿ. "ಅತ್ತಿದ್ದು ಯಾರು, ನೀವಾ?"

ಒಂದು ಬೆಳಿಗ್ಗೆ ಮಗಳು ಎಣ್ಣೆನೀರಿಗೆ ಹೋಗಿದ್ದಳು. ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ನಾನು ಕಿವಿಗೆ ಹತ್ತಿ ಇಟ್ಟು, ತಲೆಗೆ ಮಗಳದೇ ಸ್ಕಾರ್ಫು ಬಿಗಿದು, ಮೈತುಂಬ ಶಾಲು ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದೆ. ಹಾಯೆನಿಸಿ ಅಲ್ಲೇ ತೂಕಡಿಸಿದೆ. ಅಷ್ಟರಲ್ಲಿ ಮೂರನೇ ಮನೆಯ ಅಜ್ಜಿ ಮಗು ನೋಡಲು ಬಂದರು. ಅವರಿಗೆ ಮೊದಲೇ ಕಣ್ಣು ಮಂಜು, ಒಳಗೆ ನೋಡಿದರೆ ಹೊಗೆ. ಸೀದಾ ಬಂದು ನನ್ನ ಮಡಿಲಿಗೆ ಕೊಬ್ಬರಿ ಬೆಲ್ಲ ಹಾಕಿ, ಗಲ್ಲ ಸವರಿ, "ಪಾಪ, ಹೆರಿಗೆ ಬಾಳ ತ್ರಾಸಾತೇನೋ, ಮುಖ ಎಷ್ಟು ಒರಟಾಗೈತೆ ನೋಡು," ಎಂದು ಕಣ್ಣೀರು ಹಾಕಿದರು.

ಎಚ್ಚರವಾಗಿ ಗಡಬಡಿಸಿದ ನಾನು, "ಇಲ್ರಮ್ಮ, ನಾನು..." ಎಂದೆ.

ನನ್ನ ದನಿ ಕೇಳಿದ ಅಜ್ಜಿ ಹೊರಗೆ ಓಡಿ ನನ್ನ ಹೆಂಡತಿಗೆ, "ನಿನ್ ಮಗಳಿಗೆ ಥಂಡಿ ಗಂಟ್ಲಿಗೆ ಇಳಿದೈತೆ, ತಕ್ಷಣ ಆಸ್ಪತ್ರೆಗೆ ತೋರಿಸವ್ವ," ಎಂದರು.

ಅವತ್ತಿನಿಂದ ನನಗೆ ಆ ಕೋಣೆಗೆ ಪ್ರವೇಶವಿಲ್ಲ. ಕೊಬ್ಬರಿ ಬೆಲ್ಲ ಮಾತ್ರ ಯಾರೂ ವಾಪಸ್ ಕೇಳಲಿಲ್ಲ.

2. ಹಳೇದು ಯಾವುದು, ಹೊಸದು ಯಾವುದು

ಕೋಣೆಯಿಂದ ಹೊರಬಿದ್ದವನಿಗೆ ಹೆಂಡತಿ ಬೇರೆ ಕೆಲಸ ಹಚ್ಚಿದಳು.

ನಮ್ಮ ಮನೆತನದಲ್ಲಿ ತೊಟ್ಟಿಲು ಹಾಕುವ ದಿನ ಮಗುವಿಗೆ ಹೊಸ ಬಟ್ಟೆ ಹೊದಿಸುವುದಿಲ್ಲ. ಹಿರಿಯರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆಗಳ ತುಂಡು ಸೇರಿಸಿ ಹೊಲಿದ ಕೌದಿ ಹೊದಿಸಬೇಕು. ಅವರ ಆಯಸ್ಸೆಲ್ಲ ಮಗುವಿಗೆ ಸೇರುತ್ತದೆ ಎಂಬ ನಂಬಿಕೆ. ಹೊಲಿಯುತ್ತ ಬಂದು ಕೊನೆಗೆ ಒಂದು ಮೂಲೆ ಬಿಟ್ಟಿರುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ಎಂದು ಹೆಸರು. ಅದರೊಳಗೆ ಒಂದು ಚೂರು ಒಣರೊಟ್ಟಿ ಇಟ್ಟು ಹೊಲಿದರೇನೇ ಕೌದಿ ಮುಗಿದಂತೆ. ಹಸಿದ ಕೌದಿ ಹೊದ್ದ ಮಗು ಹಸಿದೇ ಏಳುತ್ತದಂತೆ.

ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ತೊಟ್ಟಿಲು. ಹೆಂಡತಿ ಪಟ್ಟಿ ಹೇಳಿದಳು: "ಹೊನ್ನಾಳಿ ಬೀಗರ ಮನೆಯಿಂದ ಬಟ್ಟೆ ಬರಬೇಕು. ನ್ಯಾಮತಿ ಸಾಹೇಬ್ರು ಮಗಳನ್ನ ಎತ್ತಿ ಆಡಿಸಿದೋರು, ಅವರ ಮನೇದೂ ಬೇಕು. ಆಮೇಲೆ ಜಗಳೂರು."

"ಜಗಳೂರಿಗೆ ನೀನೇ ಒಂದು ಫೋನ್ ಮಾಡು," ಎಂದೆ ಮೆಲ್ಲಗೆ.

"ನಾನ್ಯಾಕೆ? ಲಗೇಜ್ ಟಿಕೆಟ್ ಹರಿದೋರು ನೀವು, ನೀವೇ ಹೋಗ್ರಿ. ಅಕ್ಕನ ಬಟ್ಟೆ ಬರೋತನಕ ಕೌದಿ ಹೊಟ್ಟೆ ಮುಚ್ಚಾಕಿಲ್ಲ ನಾನು."

ಆ ಲಗೇಜಿನ ವಿಷಯ ಹೇಳಿಬಿಡುತ್ತೇನೆ. ಜಗಳೂರಿನಲ್ಲಿರುವುದು ನನ್ನ ಒಡಹುಟ್ಟಿದ ಅಕ್ಕ. ನಾನು ಚಿಕ್ಕವನಿದ್ದಾಗಲೇ ಅವ್ವ ಹಾಸಿಗೆ ಹಿಡಿದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಈ ಅಕ್ಕನೇ. ಏಳು ವರ್ಷದ ಹಿಂದೆ ಒಂದು ದಿನ ಅವಳು ನನ್ನ ಬಸ್ಸಿಗೇ ಹತ್ತಿದಳು, ಜೊತೆಗೆ ಒಂದು ಚೀಲ ಶೇಂಗಾ. ಹಿಂದಿನ ವಾರವಷ್ಟೇ ಚೆಕಿಂಗಿನವರು ಹತ್ತಿ ಹೋಗಿದ್ದರು, ನಾನು ನೆಟ್ಟಗೆ ಕಾಯಿದೆ ಮಾತಾಡುವ ಹುರುಪಿನಲ್ಲಿದ್ದೆ. "ಚೀಲಕ್ಕೆ ಲಗೇಜು ಆಗುತ್ತೆ" ಎಂದೆ. "ನಿನ್ನ ಮನೆಗೇ ತರ್ತಿರೋದು ಕಣೋ," ಎಂದಳು ಅಕ್ಕ. ಅದಕ್ಕೆ ನಾನು, ತುಂಬಿದ ಬಸ್ಸಿನಲ್ಲಿ, "ಅಕ್ಕ, ಬಸ್ಸಿನಾಗೆ ಅಕ್ಕ ತಮ್ಮ ಇಲ್ಲ. ಕಂಡಕ್ಟರು, ಪ್ಯಾಸೆಂಜರು ಅಷ್ಟೇ," ಎಂದುಬಿಟ್ಟೆ. ಜನ ನಕ್ಕರು. ನನಗೂ ಏನೋ ದೊಡ್ಡ ಮಾತಾಡಿದೆ ಅನ್ನಿಸಿತು.

ಅಕ್ಕ ಟಿಕೆಟ್ ತಗೊಂಡಳು. ಚನ್ನಗಿರಿಯಲ್ಲಿ ಇಳಿದು, ಚೀಲ ತಂದು ನನ್ನ ಹೆಂಡತಿಯ ಮುಂದಿಟ್ಟು, "ಲಗೇಜು ಕಟ್ಟೀನಿ, ನೋಡ್ಕಳಮ್ಮ," ಎಂದು ಹೇಳಿ ಒಂದು ಲೋಟ ನೀರೂ ಕುಡಿಯದೆ ಮುಂದಿನ ಬಸ್ಸಿಗೆ ವಾಪಸ್ ಹೋದಳು. ಅಂದಿನಿಂದ ನನ್ನ ಹತ್ತಿರ ಒಂದು ಮಾತಿಲ್ಲ. ಮಗಳ ಮದುವೆಗೆ ಬಂದು ಎಲ್ಲರನ್ನೂ ಮಾತಾಡಿಸಿ, ನನ್ನನ್ನು ಮಾತ್ರ ಲೈಟು ಕಂಬ ದಾಟಿದ ಹಾಗೆ ದಾಟಿ ಹೋದಳು. ನನ್ನ ಹೆಸರು ಹಿಡಿದು ಕರೆಯುವ ಹಿರಿಯರು ಈಗ ಉಳಿದಿರುವುದು ಅವಳೊಬ್ಬಳೇ. ಅವಳು ಕರೆಯುತ್ತಿಲ್ಲ. ಹೋಗಿ ಎದುರು ನಿಲ್ಲುವ ಧೈರ್ಯ ನನಗೂ ಇರಲಿಲ್ಲ.

"ಆಯ್ತು, ಹೋಗ್ತೀನಿ. ನನ್ನ ಪ್ಯಾಂಟೆಲ್ಲಿ?" ಎಂದೆ.

ಹೆಂಡತಿ ಕೌದಿಯ ಕಡೆ ಬೆರಳು ತೋರಿಸಿದಳು. ನಟ್ಟನಡುವೆ ನಾಲ್ಕು ಚೌಕ ಖಾಕಿ.

"ಇದು ಹಳೇ ಯೂನಿಫಾರಂ ಅಲ್ಲ ಕಣೇ! ಊರಿಗೆ ಹೋಗಾಕೆ ಅಂತ ಮೊನ್ನೆ ಹೊಲಿಸಿದ್ದು!"

"ರಿಟೈರಾದ ಮೇಲೂ ಅದೇ ಬಣ್ಣ ಹೊಲಿಸಿದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು? ಅಳಬ್ಯಾಡ್ರಿ, ಜೇಬು ಹಂಗೇ ಬಿಟ್ಟೀನಿ."

3. ಹೊನ್ನಾಳಿಯಲ್ಲಿ ವ್ಯಾಪಾರ

ಮೊದಲು ಸುಲಭದ ಊರು ಮುಗಿಸೋಣ ಎಂದು ಬೆಳಗಿನ ಮೊದಲ ಬಸ್ಸಿಗೆ ಹೊನ್ನಾಳಿಗೆ ಹೊರಟೆ. ಹಳೇ ಯೂನಿಫಾರಂ ಪ್ಯಾಂಟನ್ನೇ ಹಾಕಿಕೊಂಡಿದ್ದೆ, ಬೇರೆ ಇರಲಿಲ್ಲ. ಕೈಯಲ್ಲಿ ಒಂದು ಬಟ್ಟೆಚೀಲ, ಒಂದು ದೊಡ್ಡ ಸ್ಟೀಲ್ ಡಬ್ಬಿ. ಡಬ್ಬಿ ತುಂಬ ಬಾಣಂತಿಗೆಂದು ಮಾಡಿದ ಅಂಟಿನುಂಡೆ, ಬೀಗರಿಗೆ ಪಾಲು.

ಹೊನ್ನಾಳಿಯಲ್ಲಿ ಇಳಿದರೆ, ಹೊಳೆ ಕಡೆಯಿಂದ ಮಂಜು ಬಂದು ಬಸ್‌ಸ್ಟ್ಯಾಂಡನ್ನೇ ನುಂಗಿತ್ತು. ಚಹಾ ಅಂಗಡಿ ಮುಂದೆ ಮಂಕಿಕ್ಯಾಪ್ ಹಾಕಿ, ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡು ಒಬ್ಬರು ನಿಂತಿದ್ದರು. ನನಗೂ ಒಂದು ಚಹಾ ಹೇಳಿ, ನೆಗಡಿ ಕಟ್ಟಿದ ಗಂಟಲಿನಲ್ಲಿ, "ಯಾವ ಕಡೆ?" ಎಂದು ಕೇಳಿದರು. ಚಹಾ ಕೊಡಿಸಿದವರ ಹತ್ತಿರ ಮನಸ್ಸು ಬಿಚ್ಚದಿದ್ದರೆ ಹೇಗೆ?

"ಬೀಗರ ಮನೆಗೆ ಬಂದೀನಿ. ಜನ ಬಂಗಾರ. ಆದ್ರೆ ನಮ್ಮ ಬೀಗ ಮಾತಿಗೆ ಕೂತ್ರೆ ಅಡಿಕೆ ರೇಟಿಂದ ಶುರುವಾಗಿ ಅಡಿಕೆ ರೇಟಿಗೇ ಬರ್ತಾರೆ. ನಡುವೆ ನಮಗೆ ಆಕಳಿಸಾಕೂ ಜಾಗ ಬಿಡಾಕಿಲ್ಲ."

ಅಷ್ಟರಲ್ಲಿ ಚಹಾ ಬಂತು. ಅವರು ಕುಡಿಯಲು ಮಫ್ಲರು ಇಳಿಸಿ, ಟೋಪಿ ತೆಗೆದರು. ಬೀಗರೇ! ನನ್ನನ್ನು ಕರೆದೊಯ್ಯಲು ಬಂದಿದ್ದರು.

"ನಡೀರಿ ಬೀಗರೇ," ಎಂದರು ನಗುತ್ತ. "ನಿನ್ನೆ ಎಷ್ಟಕ್ಕೆ ಹೋತು ಅಂತ ದಾರ್ಯಾಗೆ ಹೇಳ್ತೀನಿ."

ಮನೆ ಮುಟ್ಟುವತನಕ ಹೇಳಿದರು. ನಾನು ಆಕಳಿಸಲಿಲ್ಲ.

ಊಟವಾಯಿತು. ಬೀಗಿತ್ತಿ ಎರಡು ಸೀರೆ, ಒಂದು ಪಂಚೆ ಕೊಟ್ಟರು. ಡಬ್ಬಿ ಖಾಲಿ ಮಾಡಿ, ತೊಳೆದು ಬಿಸಿಲಿಗಿಟ್ಟರು. ನಾನೂ ಬಿಸಿಲು ಕಾಯಿಸಲು ಜಗಲಿಗೆ ಬಂದು ಡಬ್ಬಿಯ ಪಕ್ಕದಲ್ಲೇ ಕೂತೆ. ಒಂದು ಕಡೆ ಹಳೇ ಬಟ್ಟೆಯ ಗಂಟು, ಇನ್ನೊಂದು ಕಡೆ ಫಳಫಳ ಹೊಳೆಯುವ ಸ್ಟೀಲ್ ಡಬ್ಬಿ, ನಡುವೆ ಮಾಸಿದ ಖಾಕಿ ಪ್ಯಾಂಟಿನ ನಾನು. ಇದು ನೋಡುವವರಿಗೆ ಹೇಗೆ ಕಾಣುತ್ತದೆ ಎಂದು ಆಗ ಹೊಳೆಯಲಿಲ್ಲ.

ಎದುರು ಮನೆಯ ಹೆಂಗಸು ಒಂದು ಸೀರೆ ಹಿಡಿದು ಬಂದರು. "ಇದಕ್ಕೆ ಆ ಡಬ್ಬಿ ಬರುತ್ತೇನ್ರಿ?"

"ಇಲ್ಲಮ್ಮ, ನಾನು ಹಳೇ ಬಟ್ಟೆಗೆ ಅಂತ ಬಂದೀನಿ," ಎಂದೆ.

"ಅದೇ ಮತ್ತೆ, ಹಳೇದೇ ಐತೆ ಇದು."

"ಡಬ್ಬಿ ಕೊಡಾಕಲ್ಲಮ್ಮ, ಅದು ನಮ್ಮ ಮನೆಯವಳದ್ದು."

"ಎಲ್ಲಾರೂ ಹಿಂಗೇ ಬಿಗಿ ಮಾಡ್ತೀರಿ. ತಗಳ್ರಿ, ಇನ್ನೊಂದು ಕೊಡ್ತೀನಿ," ಎಂದು ಒಳಗೆ ಓಡಿದರು.

ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಂದ ಐದಾರು ಜನ ಬಂದು ಸುತ್ತ ನಿಂತರು, ಎಲ್ಲರ ಕೈಯಲ್ಲೂ ಬಟ್ಟೆ. ಜನ ಮುತ್ತಿಕೊಂಡದ್ದನ್ನು ಕಂಡ ತಕ್ಷಣ ಮೂವತ್ತೆರಡು ವರ್ಷದ ನಾಲಿಗೆ ತನ್ನಷ್ಟಕ್ಕೇ ಹೊರಳಿತು: "ನೂಕಬ್ಯಾಡ್ರಿ, ಒಬ್ಬೊಬ್ರೇ ಬರ್ರಿ! ಮುಂದಕ್ಕೆ ನಡೀರಿ, ಹಿಂದೆ ಜಾಗ ಐತೆ!"

ಅಲ್ಲಿಗೆ ನಾನು ಹಳೇ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರಿ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಗದ್ದಲ ಕೇಳಿ ಬೀಗಿತ್ತಿ ಹೊರಗೆ ಬರುವ ಹೊತ್ತಿಗೆ ನನ್ನ ತೊಡೆಯ ಮೇಲೆ ಎರಡು ಸೀರೆ ಇದ್ದವು, ಡಬ್ಬಿ ಎದುರು ಮನೆಯ ಒಳಗಿತ್ತು. ವಾಪಸ್ ಕೇಳಲು ಬೀಗಿತ್ತಿಗೆ ಸಂಕೋಚ, ನನಗೆ ನಾಚಿಕೆ.

ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ಚೀಲ ಸುರಿದು ನೋಡಿದಳು. "ಡಬ್ಬಿ ಕೊಟ್ಟಿದ್ದು ಇರಲಿ," ಎಂದಳು, "ಮುಚ್ಚಳ ಯಾಕೆ ವಾಪಸ್ ತಂದ್ರಿ?"

4. ನ್ಯಾಮತಿಯಲ್ಲಿ ರೈಟ್ ರೈಟ್

ನ್ಯಾಮತಿಯ ಸಾಹೇಬರು ನನ್ನ ಬಸ್ಸಿನ ಡ್ರೈವರು. ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿದ್ದೆವು. ಆದರೆ ಅವರು ಮುಂದೆ, ನಾನು ಹಿಂದೆ, ಮಾತೆಲ್ಲ ಸೀಟಿಯಲ್ಲೇ. ಒಂದು ಊದಿದರೆ ನಿಲ್ಲುವುದು, ಎರಡು ಊದಿದರೆ ಹೊರಡುವುದು. ಅಷ್ಟರಲ್ಲೇ ನಮ್ಮ ಸುಖದುಃಖ ಮುಗಿಯುತ್ತಿತ್ತು.

ಬಸ್‌ಸ್ಟ್ಯಾಂಡಿಗೆ ಮೊಪೆಡ್ ತಂದಿದ್ದರು. ಅಪ್ಪಿಕೊಂಡೆವು. ನಾನು ಹಿಂದೆ ಕೂತೆ. ಗಾಡಿ ಸ್ಟಾರ್ಟ್ ಆಗಿದೆ, ಹೊಗೆ ಬಿಡುತ್ತಿದೆ, ಸಾಹೇಬರು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಾರೆ, ಗಾಡಿ ಮಾತ್ರ ಹೊರಡುತ್ತಿಲ್ಲ.

"ಯಾಕ್ರಿ ಸಾಹೇಬ್ರೆ, ಏನಾತು?"

"ನೀವು ರೈಟ್ ಅಂದೇ ಇಲ್ವಲ್ರಿ," ಎಂದರು.

"ರೈಟ್, ರೈಟ್," ಎಂದೆ. ಗಾಡಿ ಚಂಗನೆ ಹಾರಿತು.

ಅವರ ಮನೆಯ ಗಲ್ಲಿ ಕಿರಿದು. ಗಾಡಿಯನ್ನು ಹಿಮ್ಮುಖವಾಗಿಯೇ ಒಳಗೆ ತಗೊಳ್ಳಬೇಕಂತೆ, ಬೆಳಿಗ್ಗೆ ಹೊರಡಲು ಸಲೀಸು. ನಾನು ಇಳಿದು ಹಿಂದೆ ನಿಂತು, ಸೀಟನ್ನು ಟಪ್ ಟಪ್ ಬಡಿಯುತ್ತ, "ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ... ಹೋಲ್ಡಾನ್!" ಎಂದೆ. ಎರಡು ಕೈಯಲ್ಲಿ ಎತ್ತಿ ತಿರುಗಿಸಬಹುದಾದ ಮೊಪೆಡ್ಡು. ಗಲ್ಲಿಯ ಜನ ಬಾಗಿಲಿಗೆ ಬಂದು ನಿಂತಿದ್ದರು.

ಸಾಹೇಬರ ಹೆಂಡತಿ ಹಣೆ ಚಚ್ಚಿಕೊಂಡರು. "ಅಣ್ಣಾ, ನೀವು ಇವತ್ತೊಂದಿನ ಮಾಡಿದ್ರಿ. ನಾಲ್ಕು ವರ್ಷದಿಂದ ಇವರನ್ನ ಅಂಗಡಿಗೆ ಕಳಿಸಾಕೆ ದಿನಾ ನಾನು ಬಾಗಿಲಾಗೆ ನಿಂತು ರೈಟ್ ಅಂತೀನಿ. ಹಿಂದೆ ಮುಂದೆ ಮನೆಯೋರು ನನ್ನನ್ನ ಕಂಡಕ್ಟರಮ್ಮ ಅಂತಾರೆ."

ಬಿಸಿ ಖಿಚಡಿ ಬಡಿಸಿದರು. ಕೌದಿಯ ಸುದ್ದಿ ಕೇಳಿ, ಸಾಹೇಬರದೊಂದು ಖಾಕಿ ಅಂಗಿ, ತಮ್ಮದೊಂದು ಹಳೇ ದುಪ್ಪಟ್ಟ ಮಡಿಸಿ ಕೊಟ್ಟರು. "ಜಗಳೂರಿಗೆ ಯಾವಾಗ?" ಎಂದರು ಸಾಹೇಬರು. ಆ ದಿನ ಬಸ್ಸು ಓಡಿಸುತ್ತಿದ್ದವರು ಅವರೇ.

"ಹೋಗ್ಬೇಕು," ಎಂದೆ.

ಸಾಹೇಬರು ತುತ್ತು ಕಲಸುತ್ತ ಹೇಳಿದರು: "ಅವತ್ತು ಕನ್ನಡಿಯಾಗೆ ನೋಡ್ತಿದ್ದೆ ನಾನು. ಚನ್ನಗಿರಿಯಾಗೆ ಅಕ್ಕ ಇಳಿದು ಚೀಲ ಕೆಳಗಿಟ್ಟು ನಿಂತ್ರು. ತಮ್ಮ ಇಳಿದು ಚೀಲಕ್ಕೆ ಒಂದು ಕೈ ಹಾಕ್ತಾನೇನೋ ಅಂತ ನಿಮ್ಮ ಮುಖಾನೇ ನೋಡ್ತಿದ್ರು. ನೀವು ರೈಟ್ ಅಂದ್ರಿ. ನಾನು ಗಾಡಿ ಬಿಟ್ಟೆ."

ಏಳು ವರ್ಷ ನಾನು ಇದೆಲ್ಲ ಒಂದು ಟಿಕೆಟ್ಟಿನ ಜಗಳ ಎಂದೇ ತಿಳಿದಿದ್ದೆ.

"ಹೋಗಿ ಎದುರಿಗೆ ನಿಂತು ತಪ್ಪಾತು ಅನ್ರಿ," ಎಂದರು ಸಾಹೇಬರು. "ಹಿಂದಿನ ಬಾಗಿಲಾಗೆ ನಿಂತು ಸೀಟಿ ಊದೋ ಕೆಲಸ ಅಲ್ಲ ಇದು."

ಆಯ್ತು ಎಂದೆ. ಇಬ್ಬರೂ ಕಣ್ಣು ಒರೆಸಿಕೊಂಡೆವು. ಊಟ ಮುಗಿದು ಬಹಳ ಹೊತ್ತಾದರೂ ಸಾಹೇಬರು ಕೈ ತೊಳೆಯಲು ಏಳಲೇ ಇಲ್ಲ. ಅವರ ಹೆಂಡತಿ ನನ್ನ ಕಡೆ ನೋಡಿ ಸನ್ನೆ ಮಾಡಿದರು.

"ರೈಟ್," ಎಂದೆ. ಎದ್ದರು.

5. ಜಗಳೂರಿನ ಕರು

ತೊಟ್ಟಿಲಿಗೆ ಮೂರು ದಿನ ಉಳಿದಾಗ ಇನ್ನು ತಪ್ಪಿಸಿಕೊಳ್ಳಲು ಆಗಲಿಲ್ಲ. ಕೌದಿ ಮುಗಿದಿತ್ತು. ಒಂದು ಅಂಗೈಯಗಲ ಜಾಗವನ್ನೂ, ಪಕ್ಕದ ಹೊಟ್ಟೆಯನ್ನೂ ಬಿಟ್ಟು ಹೆಂಡತಿ ಸೂಜಿ ಚುಚ್ಚಿಟ್ಟಿದ್ದಳು. ನಾನು ದಾವಣಗೆರೆ ಬಸ್ಸು ಹತ್ತಿದೆ. ಸೂಳೆಕೆರೆ ಹತ್ತಿರ ಮಂಜಿನಲ್ಲಿ ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಕಿಟಕಿಗೆ ಹಣೆ ಆನಿಸಿ, "ಅಕ್ಕ, ನಂದು ತಪ್ಪಾತು" ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಪಕ್ಕದ ಸೀಟಿನ ಮನುಷ್ಯ ಎದ್ದು ಬೇರೆ ಕಡೆ ಹೋಗಿ ಕೂತ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಮುಟ್ಟಿದಾಗ ಸಂಜೆ. ಬಯಲುಸೀಮೆಯ ಗಾಳಿ ಸ್ವೆಟರಿನ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತಿತ್ತು. ಅಕ್ಕ ಅಂಗಳದಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ನೋಡಿದಳು. ತಿರುಗಿ ಒಳಗಿದ್ದ ಸೊಸೆಗೆ, "ಕಂಡಕ್ಟ್ರು ಬಂದಾರೆ, ನೀರು ಕೊಡಮ್ಮ," ಎಂದಳು.

ಸೊಸೆ ನೀರು ಕೊಟ್ಟಳು. ಅಕ್ಕ ಪ್ರಶ್ನೆ ಕೇಳುವುದು ಸೊಸೆಗೆ, ನಾನು ಉತ್ತರ ಹೇಳುವುದೂ ಸೊಸೆಗೆ. ಇದಾದರೂ ನಡೆಯುತ್ತಿತ್ತು. ಆದರೆ ಸ್ವಲ್ಪ ಹೊತ್ತಿಗೆ ಸೊಸೆ ಸಕ್ಕರೆ ತರಲು ಅಂಗಡಿಗೆ ಹೋದಳು. ಅಂಗಳದಲ್ಲಿ ಉಳಿದವರು ನಾನು, ಅಕ್ಕ, ಕರು.

ಅಕ್ಕ ಕರುವಿನ ಬೆನ್ನು ಸವರುತ್ತ, "ಊಟಕ್ಕೆ ರೊಟ್ಟಿ ಆಗುತ್ತೋ, ಮುದ್ದೆ ಮಾಡ್ಬೇಕೋ ಕೇಳು," ಎಂದಳು.

ನಾನು ಕರುವಿಗೆ ಹೇಳಿದೆ, "ಏನಾದ್ರೂ ಆಗುತ್ತೆ ಅಂತ ಹೇಳಪ್ಪ."

"ಹಲ್ಲು ಗಟ್ಟಿ ಅದಾವಾ ಕೇಳು."

"ಎರಡು ಅಲ್ಲಾಡ್ತಾವೆ ಅಂತ ಹೇಳು."

"ಹಂಗಾದ್ರೆ ಮುದ್ದೆ."

ಇದೇ ಸಮಯ ಎಂದುಕೊಂಡೆ. ಅಕ್ಕನ ಮುಖ ನೋಡಲು ಆಗದೆ, ಕರುವಿನ ಮುಂದೆಯೇ ಕುಕ್ಕರುಗಾಲಲ್ಲಿ ಕೂತು, "ಅವತ್ತು ನಂದು ತಪ್ಪಾತು ಅಂತ ಹೇಳಪ್ಪ," ಎಂದೆ. ಕರು ನನ್ನ ಮಫ್ಲರಿನ ತುದಿ ಬಾಯಿಗೆ ಹಾಕಿಕೊಂಡಿತು.

ಅಕ್ಕ ಉಳಿದ ಹುಲ್ಲನ್ನು ಕರುವಿನ ಮುಂದೆ ಸುರಿದಳು. ಆಮೇಲೆ, "ತುಂಬಿದ ಬಸ್ಸಿನಾಗೆ ಆಡಿದ ಮಾತಿಗೆ ಕರುವಿನ ಮುಂದೆ ತಪ್ಪಾತು ಅಂದ್ರೆ ನಡೆಯಾಕಿಲ್ಲ ಅಂತ ಹೇಳು," ಎಂದು ಒಳಗೆ ಹೋದಳು.

ಅವತ್ತು ಒಂದು ಕಂಬಳಿ ಹೊದ್ದು ಮಲಗಿದ್ದೆ. ಬೆಳಿಗ್ಗೆ ಎಚ್ಚರವಾದಾಗ ನನ್ನ ಮೇಲೆ ಒಂದು ಕಂಬಳಿ, ಎರಡು ಕೌದಿ, ಅದರ ಮೇಲೆ ಒಂದು ಗೋಣಿತಾಟು ಇದ್ದವು. ಮೇಲಿನ ಕೌದಿ ನಮ್ಮ ಅವ್ವ ಹೊಲಿದದ್ದು, ಅಂಚಿನಲ್ಲಿ ಅಕ್ಕನ ಚಿಕ್ಕಂದಿನ ಲಂಗದ ಹಸಿರು ಚೂರು ಇನ್ನೂ ಇತ್ತು. ಸೊಸೆಯನ್ನು ಕೇಳಿದೆ, ನಾನಲ್ಲ ಎಂದಳು. ಅಂಗಳಕ್ಕೆ ಹೋಗಿ ಕರುವನ್ನೂ ಕೇಳಿದೆ. ಅದು ಬಾಯಿ ಬಿಡಲಿಲ್ಲ. ಅದರ ಬಾಯಲ್ಲಿ ನನ್ನ ಮಫ್ಲರ್ ಇತ್ತು.

6. ಹೊಸ ಟಿಕೆಟು

ಬಟ್ಟೆಯ ವಿಷಯ ಹೇಗೆ ಎತ್ತುವುದು ಎಂದು ಯೋಚಿಸುತ್ತ ಹಲ್ಲುಜ್ಜಿ ಬಂದರೆ, ಅಕ್ಕ ಹೊಸ ಸೀರೆ ಉಟ್ಟು, ಸ್ವೆಟರು ಹಾಕಿ, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ಬಟ್ಟೆಯ ಗಂಟು, ಮತ್ತೆ ಒಂದು ಚೀಲ ಶೇಂಗಾ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅಕ್ಕ ಆ ಕಾರ್ಡನ್ನು ದೇವರ ಗೂಡಿನಲ್ಲೇ ಇಟ್ಟಿರುತ್ತಾಳೆ ಎಂದು ಸೊಸೆ ಹೇಳಿದಳು.

"ತೊಟ್ಟಿಲಿಗೆ ನಾನೇ ಹೋಗ್ತೀನಿ, ಕಂಡಕ್ಟ್ರು ಬಂದ್ರೆ ಬರ್ಲಿ," ಎಂದಳು ಅಕ್ಕ, ಸೊಸೆಗೆ.

ಚೀಲ ನಾನೇ ಹೆಗಲ ಮೇಲೆ ಹೊತ್ತೆ. ಬಸ್‌ಸ್ಟ್ಯಾಂಡಿನತನಕ ಬೆನ್ನು ಸೆಟೆದರೂ ಇಳಿಸಲಿಲ್ಲ. ಅಕ್ಕ ಹಿಂದೆ ಬರುತ್ತಿದ್ದಳು.

ಬಸ್ಸು ತುಂಬಿತ್ತು. ಕಿಟಕಿಯಿಂದ ಮೊದಲೇ ಟವಲ್ಲು ಎಸೆದು ನಾವಿಬ್ಬರೂ ಸೀಟು ಹಿಡಿದೆವು. ಕಂಡಕ್ಟರು ಸಣ್ಣ ವಯಸ್ಸಿನವನು, ಕೆಲಸಕ್ಕೆ ಸೇರಿದಾಗ ನನ್ನ ಕೈಕೆಳಗೇ ಒಂದು ತಿಂಗಳು ಕಲಿತವನು. ಅಕ್ಕನಿಗೆ ಫ್ರೀ ಟಿಕೆಟು ಕೊಟ್ಟ, ನನಗೆ ದುಡ್ಡಿನ ಟಿಕೆಟು ಕೊಟ್ಟ. ಚೀಲ, ಗಂಟು ನೋಡಿದ. ನಾನು ಜೇಬಿಗೆ ಕೈ ಹಾಕಿದೆ.

"ಛೇ, ಬಿಡ್ರಿ ಸರ್. ನಿಮ್ಮ ತಾವ ಲಗೇಜು ಇಸ್ಕಂತೀವಾ? ನಮ್ಮ ಗುರುಗಳು ನೀವು," ಎಂದ.

ಮೂವತ್ತೆರಡು ವರ್ಷ ಒಬ್ಬರಿಗೂ ಬಿಡದ ನಾನು, ನಿಮಗೆ ನಿಜ ಹೇಳುತ್ತೇನೆ, ಕೈ ಜೇಬಿನಿಂದ ಖಾಲಿಯೇ ಹೊರಗೆ ತೆಗೆದೆ. ಹಿಗ್ಗೂ ಆಯಿತು.

ಅಕ್ಕ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದಳು. ಅದರ ಒಳಪದರದಿಂದ, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ತೆಗೆದು ಬಿಡಿಸಿ ಕಂಡಕ್ಟರಿನ ಮುಂದೆ ಹಿಡಿದಳು. ಮಷೀನಿನ ಟಿಕೆಟು. ಆದರೆ ಒಂದು ಅಕ್ಷರವೂ ಇಲ್ಲ, ಬರೀ ಬಿಳೀ ಕಾಗದ.

"ಏನಜ್ಜಿ ಇದು?"

"ಏಳು ವರ್ಷದ ಹಿಂದೆ ಇದೇ ದಾರ್ಯಾಗೆ ನನ್ನ ತಮ್ಮ ಕೊಟ್ಟಿದ್ದು ಕಣಪ್ಪ, ಲಗೇಜಿಂದು. ಜೋಪಾನ ಮಾಡಿದ್ದೆ, ಕಂಡೋರಿಗೆಲ್ಲ ತೋರಿಸ್ತಿದ್ದೆ. ಈಗ ನೋಡು, ಎಲ್ಲ ಅಳಿಸಿ ಹೋಗೈತೆ. ಇನ್ನೆಷ್ಟು ದಿನ ಇಟ್ಕಳ್ಳಿ? ಹೊಸದು ಹರಿ. ದುಡ್ಡು ಅವನ ತಾವ ಇಸ್ಕಾ."

ಸುತ್ತ ಕೂತವರು ತಿರುಗಿ ನೋಡಿದರು. "ನನ್ನ ತಮ್ಮ" ಎಂದಿದ್ದಳು. ಕಂಡಕ್ಟ್ರು ಎಂದಿರಲಿಲ್ಲ. ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಎದ್ದು, ನಾನು ಇಷ್ಟು ವರ್ಷ ನಿಂತ ಆ ನಡುದಾರಿಯಲ್ಲೇ ನಿಂತು, ಸ್ಟಾಪಿನ ಹೆಸರು ಕೂಗುವ ಅದೇ ದನಿಯಲ್ಲಿ, ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ಕೂಗಿದೆ: "ಅಕ್ಕಾ, ನಂದು ತಪ್ಪಾತು! ಬಸ್ಸಿನಾಗೂ ಅಕ್ಕ ಅಕ್ಕನೇ!"

ಡ್ರೈವರು ಏನೋ ಆಯಿತೆಂದು ಗಕ್ಕನೆ ಬ್ರೇಕ್ ಹಾಕಿದ.

ಅಕ್ಕ ನನ್ನ ಮುಖ ನೋಡಿದಳು. ಏಳು ವರ್ಷದ ಮೇಲೆ ಮೊದಲ ಸಲ, ನನಗೇ, ನೇರವಾಗಿ ಹೇಳಿದಳು: "ಲೋ, ಕುತ್ಕಳಾ ಸಾಕು. ಬಸ್ಸು ಹೊಂಡಕ್ಕೆ ಇಳಿದ್ರೆ ಬೀಳ್ತೀಯ."

ಮೂವತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವನು ನಾನು. ಹೇಳಿದ ಹಾಗೆ ಕೂತೆ. ಕಣ್ಣಲ್ಲಿ ನೀರು ತುಂಬಿ ಎದುರಿನ ಸೀಟು ಕಾಣುತ್ತಿರಲಿಲ್ಲ.

ಅಕ್ಕ ಮೊಣಕೈಯಿಂದ ತಿವಿದಳು. "ಅಳೋದು ಆಮೇಲೆ. ಮೊದ್ಲು ಲಗೇಜು ಕೊಡು. ಆ ಹುಡುಗ ಕಾಯ್ತಾ ಐತೆ."

ಕೊಟ್ಟೆ. ಹೊಸ ಟಿಕೆ‌ಟ್ಟನ್ನು ಅಕ್ಕ ಓದಿಸಿ, ಮಡಿಸಿ, ಸಂಚಿಗೆ ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಅಕ್ಕನ ಸೀರೆಯ ಚೂರು ಕೌದಿಯ ಖಾಲಿ ಜಾಗಕ್ಕೆ ಕೂತಿತು. ಹೊಟ್ಟೆಗೆ ಹೆಂಡತಿ ಒಣರೊಟ್ಟಿಯ ಚೂರು ಇಟ್ಟಳು. ಇನ್ನೇನು ಸೂಜಿ ಹಾಕಬೇಕು, ಅಕ್ಕ "ತಡಿಯಮ್ಮ" ಎಂದು ಸಂಚಿಯಿಂದ ಲಗೇಜ್ ಟಿಕೆಟ್ಟು ತೆಗೆದು ರೊಟ್ಟಿಯ ಪಕ್ಕದಲ್ಲಿಟ್ಟಳು. "ಹೊಲಿ ಈಗ. ನನ್ನ ಸಂಚಿಯಾಗೆ ಇನ್ನು ಬ್ಯಾಡ."

ಹೊಲಿದರು. ತೊಟ್ಟಿಲು ಹಾಕಿದರು, ಕೌದಿ ಹೊದಿಸಿದರು. ಹೊನ್ನಾಳಿ ಬೀಗರು, ನ್ಯಾಮತಿ ಸಾಹೇಬರು, ಮೂರನೇ ಮನೆಯ ಅಜ್ಜಿ ಎಲ್ಲ ಸುತ್ತ ನಿಂತಿದ್ದರು. ಮಗು ಕಾಲು ಆಡಿಸಿದಾಗಲೆಲ್ಲ ಕೌದಿಯೊಳಗಿನಿಂದ ಸರಕ್ ಸರಕ್ ಎಂದು ಸದ್ದು. ಬೀಗರು ಬಗ್ಗಿ ನೋಡಿ, "ಏನು ಸದ್ದು ಇದು?" ಎಂದರು.

ಅಕ್ಕ ತೊಟ್ಟಿಲು ತೂಗುತ್ತ ಹೇಳಿದಳು: "ಏನಿಲ್ಲ, ಮಲಗಪ್ಪ ಮಲಗು. ನಿನ್ನ ತಾತ ಟಿಕೆಟ್ ಹರೀತಾ ಅದಾನೆ."